ಚಿಕ್ಕಮ್ಮನ ಒಂದೇ ಡೈಲಾಗ್

ಎರ್ನೆಸ್ಟ್ ಕ್ಲೈನ್ ಬರೆದ ‘ರೆಡಿ ಪ್ಲೇಯರ್ ಒನ್’ ಕಾದಂಬರಿಯಲ್ಲಿ ಆಲಿಸ್ ಅಂತ ಒಬ್ಬ ಹೆಂಗಸು ಬರುತ್ತಾಳೆ. ಬಂದಳು ಅನ್ನುವಷ್ಟರಲ್ಲಿ ಸತ್ತೂ ಹೋಗುತ್ತಾಳೆ. ಕಥಾನಾಯಕ ವೇಡ್ ವಾಟ್ಸ್‌ನ ತಾಯಿಗೆ ಒಡಹುಟ್ಟಿದವಳು. ಇಂಗ್ಲಿಷಿನ ‘ಆಂಟ್’ಗೆ ಚಿಕ್ಕಮ್ಮ, ದೊಡ್ಡಮ್ಮ ಅನ್ನೋ ವ್ಯತ್ಯಾಸ ಇಲ್ಲವಲ್ಲ, ನಾನು ಚಿಕ್ಕಮ್ಮ ಅಂತಲೇ ಇಟ್ಟುಕೊಂಡಿದ್ದೇನೆ. ಒಳ್ಳೆಯ ಚಿಕ್ಕಮ್ಮ ಏನಲ್ಲ. ಹುಡುಗನ ಪಾಲಿನ ರೇಷನ್ ಕೂಪನ್ ತಾನೇ ಬಳಸಿಕೊಳ್ಳುತ್ತಾಳೆ. ಬಾಡಿಗೆ ಕಟ್ಟಬೇಕು ಅಂತ ಅವನ ಲ್ಯಾಪ್‌ಟಾಪ್ ಕಿತ್ತುಕೊಂಡು ಗಿರವಿ ಇಡಲು ಹೊರಡುತ್ತಾಳೆ. ಕಥೆ ನಡೆಯುವುದು 2040ರ ದಶಕದ ಅಮೆರಿಕದಲ್ಲಿ. ಬಡವರೆಲ್ಲ ಹಳೇ ಟ್ರೈಲರ್ ಮನೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬದುಕುತ್ತಿರುತ್ತಾರೆ. ಆಲಿಸಳ ಟ್ರೈಲರಿನಲ್ಲಿ ಹದಿನೈದು ಜನ. ಅಂಥ ಮನೆಯಲ್ಲಿ ಯಾರಿಗೆ ತಾನೇ ಒಳ್ಳೇತನ ಉಳಿದೀತು, ಹೇಳಿ.

ಆ ಕಾಲದ ಜನ ಕಣ್ಣಿಗೆ ಕನ್ನಡಕ ಏರಿಸಿಕೊಂಡು ‘ಒಯಾಸಿಸ್’ ಎಂಬ ದೊಡ್ಡ ಆನ್‌ಲೈನ್ ಆಟದೊಳಗೇ ಬದುಕು ನಡೆಸುತ್ತಾರೆ. ಅದನ್ನು ಕಟ್ಟಿದ ಹ್ಯಾಲಿಡೇ ಎಂಬ ಪ್ರೋಗ್ರಾಮರ್ ಸಾಯುವಾಗ ಆಟದೊಳಗೆ ಒಂದು ಮೊಟ್ಟೆ ಬಚ್ಚಿಟ್ಟು, ಹುಡುಕಿದವರಿಗೆ ನನ್ನ ಆಸ್ತಿಯೆಲ್ಲ ಅಂತ ಬರೆದಿಟ್ಟು ಹೋಗುತ್ತಾನೆ. ವೇಡ್ ಮೊದಲ ಕೀಲಿ ಗೆಲ್ಲುತ್ತಾನೆ. ಅದರ ಮೇಲೆ ಕಣ್ಣಿಟ್ಟ ಕಂಪನಿಯೊಂದು ಅವನನ್ನು ಕರೆದು, ನಮ್ಮ ಜೊತೆ ಸೇರು, ಇಲ್ಲವಾದರೆ ನಿನ್ನ ಮನೆ ಉಡಾಯಿಸುತ್ತೇವೆ ಅನ್ನುತ್ತದೆ. ಅವನು ಒಪ್ಪುವುದಿಲ್ಲ. ಅವನು ಆಗ ಮನೆಯಲ್ಲಿ ಇರುವುದೂ ಇಲ್ಲ, ಗುಜರಿ ರಾಶಿಯೊಳಗೆ ಹೂತುಹೋದ ಒಂದು ವ್ಯಾನಿನಲ್ಲಿ ಕೂತು ಲಾಗಿನ್ ಆಗಿರುತ್ತಾನೆ. ಮನೆ ಸಿಡಿಯುತ್ತದೆ. ಚಿಕ್ಕಮ್ಮ, ಅವಳ ಜೊತೆಗಾರ, ಅಕ್ಕಪಕ್ಕದವರು ಎಲ್ಲ ಹೋಗುತ್ತಾರೆ. ಸತ್ತವರಲ್ಲಿ ಗಿಲ್ಮೋರ್ ಎಂಬ ಮುದುಕಿಯೂ ಒಬ್ಬಳು. ಬೆಕ್ಕು ಸಾಕಿಕೊಂಡು, ದೇವರನ್ನು ನಂಬಿಕೊಂಡು, ಈ ಹುಡುಗನನ್ನು ಕಂಡರೆ ಅಕ್ಕರೆ ತೋರಿಸುತ್ತಿದ್ದವಳು.

ಕೊಂದವರು ಕಂಪನಿಯವರು, ಹುಡುಗನಲ್ಲ. ನನ್ನ ತಕರಾರು ಅದಲ್ಲ. ಇಷ್ಟು ಜನ ಸತ್ತ ಮೇಲೆ ಕಥೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿ. ಗಿಲ್ಮೋರ್ ಅಜ್ಜಿಗಾಗಿ ಅವನು ಒಂದಿಷ್ಟು ಮರುಗುತ್ತಾನೆ, ಆಮೇಲೆ ಬೇರೆ ಊರಿಗೆ ಹೋಗಿ ಸುಳ್ಳು ಹೆಸರಿನಲ್ಲಿ ಒಂದು ರೂಮು ಹಿಡಿದು, ಕಿಟಕಿಗೆ ಕಪ್ಪು ಬಳಿದು, ಮತ್ತೆ ಆಟಕ್ಕೆ ಕೂರುತ್ತಾನೆ. ಸ್ಪೀಲ್‌ಬರ್ಗ್ 2018ರಲ್ಲಿ ಮಾಡಿದ ಸಿನಿಮಾದಲ್ಲಂತೂ ಇನ್ನೂ ಅವಸರ. ಸ್ಫೋಟ ಆಗುತ್ತದೆ, ಹುಡುಗನ ಮುಖ ತೋರಿಸುತ್ತಾರೆ, ಮುಂದಿನ ಸೀನ್. ಹಳೇ ಹಾಡು, ಹಳೇ ಸಿನಿಮಾ, ಹಳೇ ವಿಡಿಯೋ ಗೇಮುಗಳ ಹೆಸರಿಗೆ ಪುಟಗಟ್ಟಲೆ ಜಾಗ ಕೊಡುವ ಪುಸ್ತಕ ಇದು. ಸಾಕಿದ ಮನೆಯ ಸಾವಿಗೆ ಜಾಗ ಸಾಲಲಿಲ್ಲ.

ಲೇಖಕರ ಉದ್ದೇಶ ಸ್ಪಷ್ಟ. ನಾವು ವೇಡ್‌ನನ್ನು ಇಷ್ಟಪಡಬೇಕು. ಅಪ್ಪ ಅಮ್ಮ ಇಲ್ಲದವನು, ಬಡವ, ದಡೂತಿ, ಹುಡುಗಿಯರ ಮುಂದೆ ಮಾತು ಬಾರದವನು. ಯಾಕೆ ಇಷ್ಟವಾಗಬಾರದು? ನಮ್ಮಂಥ ಹಳ್ಳಿ ಕಡೆಯಿಂದ ಬಂದು, ಕಾಲೇಜಿನಲ್ಲಿ ಇಂಗ್ಲಿಷು ಬಾರದೆ ಕೊನೇ ಬೆಂಚು ಹಿಡಿದವರಿಗೆ ಇವನು ತಮ್ಮನ ಹಾಗೇ ಕಾಣಬೇಕು. ಮೊದಲ ನಲವತ್ತು ಪುಟ ಹಾಗೇ ಕಂಡ. ಆಮೇಲೆ ಆರ್ಟಿಮಿಸ್ ಎಂಬ ಹುಡುಗಿ ಬರುತ್ತಾಳೆ. ಇವನಿಗಿಂತ ಜಾಣೆ, ಆಟದಲ್ಲೂ ಸಮ. ಸ್ವಲ್ಪ ದಿನ ಸಲಿಗೆಯಿಂದಿದ್ದು, ಗುರಿ ಮುಖ್ಯ, ಇನ್ನು ಮಾತು ಬೇಡ ಅನ್ನುತ್ತಾಳೆ. ಇವನು ಮೇಲಿನ ಮೇಲೆ ಮೇಲ್ ಮಾಡುತ್ತಾನೆ, ಹೂ ಕಳಿಸುತ್ತಾನೆ. ಅವಳ ಅರಮನೆಯ ಮುಂದೆ ತಲೆಯ ಮೇಲೆ ಟೇಪ್‌ರೆಕಾರ್ಡರ್ ಎತ್ತಿಕೊಂಡು ಗಂಟೆಗಟ್ಟಲೆ ಹಾಡು ಹಾಕಿ ನಿಲ್ಲುತ್ತಾನೆ. 1989ರ ‘ಸೇ ಎನಿಥಿಂಗ್’ ಸಿನಿಮಾದ ಹೀರೋ ಹಾಗೆ ನಿಂತಿದ್ದನಂತೆ, ಅದಕ್ಕೆ. ನಮ್ಮ ಗಾಂಧಿನಗರದ ಹೀರೋಗಳೂ ಎಷ್ಟೋ ವರ್ಷ ಮಾಡಿದ್ದು ಇದನ್ನೇ ಬಿಡಿ. ಕೊನೆಗೆ ಕಂಪನಿಯ ಡೇಟಾಬೇಸಿಗೆ ನುಗ್ಗಿದಾಗ ಇವನು ಅವಳ ಗುಟ್ಟಿನ ಫೈಲನ್ನೂ ತೆರೆದು ಓದಿಕೊಳ್ಳುತ್ತಾನೆ. ಆಫೀಸಿನಲ್ಲಿ ಪ್ರೊಡಕ್ಷನ್ ಡೇಟಾ ಮುಟ್ಟುವ ಅಧಿಕಾರ ಇರುವ ನಮ್ಮಂಥವರಿಗೆ ಆ ಪುಟ ಓದುವಾಗ ಮೈ ಜುಂ ಅನ್ನುತ್ತದೆ. ಕಥೆ ಅವನಿಗೆ ಅದಕ್ಕೆ ಶಿಕ್ಷೆ ಕೊಡುವುದಿಲ್ಲ. ಅವಳನ್ನೇ ಕೊಡುತ್ತದೆ.

ಈ ಪುಸ್ತಕವನ್ನು ನಾನಾಗಿ ಹುಡುಕಿಕೊಂಡು ಓದಿದ್ದಲ್ಲ. ನಮ್ಮ ಪುಟ್ಟ ಕೊಟ್ಟಿದ್ದು. ಪುಟ್ಟ ಅಂದರೆ ಚಿಕ್ಕಪ್ಪನ ಮಗ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ತಿಪಟೂರಿನ ಕಡೆಯ ನಮ್ಮೂರಿನಲ್ಲಿ ನಮ್ಮದೂ ಅವರದೂ ಪಕ್ಕಪಕ್ಕದ ತೋಟ. ಕಂಪ್ಯೂಟರ್ ಸೈನ್ಸ್ ಬಿಇ ಮುಗಿಸಿದ, ಕ್ಯಾಂಪಸ್ಸಿನಲ್ಲೇ ಕೆಲಸ ಆಯ್ತು, ಆಫರ್ ಲೆಟರ್ ಬಂತು. ಊರಿನಲ್ಲಿ ಚಿಕ್ಕಮ್ಮ ಹೋಳಿಗೆ ಮಾಡಿ ನಾಲ್ಕು ಮನೆಗೆ ಹಂಚಿದರು. ಆದರೆ ಜಾಯಿನಿಂಗ್ ಡೇಟ್ ಬರಲಿಲ್ಲ. ಮುಂದಿನ ತಿಂಗಳು ಅಂದರು, ಮುಂದಿನ ಕ್ವಾರ್ಟರ್ ಅಂದರು, ಆಮೇಲೆ ಮೇಲ್‌ಗೆ ಉತ್ತರ ಕೊಡುವುದನ್ನೇ ಬಿಟ್ಟರು. 2023ರ ಆಸುಪಾಸಿನಲ್ಲಿ ಬಿಇ ಮುಗಿಸಿದವರಿಗೆ ಈ ಕಥೆ ಹೊಸದಲ್ಲ. ಊರಲ್ಲಿ ಕೂತರೆ ಕೇಳುವವರ ಕಾಟ ಅಂತ ಅವನು ನನ್ನ ಬಿಟಿಎಂ ಮನೆಗೆ ಬಂದು ಉಳಿದ. ಕೋರ್ಸು ಮಾಡ್ತೀನಿ ಅಂತ ಬಂದದ್ದು. ಹಗಲು ಮಲಗಿ ರಾತ್ರಿ ಬಿಜಿಎಮ್‌ಐ ಆಡುತ್ತಿದ್ದ. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಷೇಧ ಮಾಡಿತಲ್ಲ, ಮರುವರ್ಷ ಬೇರೆ ಹೆಸರಿನಲ್ಲಿ ಬಂದದ್ದು ಇದೇ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುವುದು, ಕೊನೆಗೆ ಉಳಿದವರು ಗೆದ್ದಂತೆ.

ಒಂದು ದಿನ ನಾನು ಸ್ವಲ್ಪ ಗಡುಸಾಗಿಯೇ ಕೇಳಿದ್ದಕ್ಕೆ ಪುಸ್ತಕ ತಂದು ಟೇಬಲ್ ಮೇಲಿಟ್ಟ. ‘ಅಣ್ಣ, ಇದನ್ನ ಓದು. ನಮ್ಮಂಥೋರು ಯಾಕೆ ಆಡ್ತೀವಿ ಅಂತ ಗೊತ್ತಾಗುತ್ತೆ’ ಅಂದ. ಅದು ಅವನ ವಕಾಲತ್ತು. ಹಾಗಾಗಿ ನಾನು ಶ್ರದ್ಧೆಯಿಂದಲೇ ಓದಿದೆ. ಇನ್ನೊಂದನ್ನೂ ಅವನೇ ತೋರಿಸಿದ, ‘ದಿ ಗಿಲ್ಡ್’ ಅಂತ. ಯೂಟ್ಯೂಬ್‌ನಲ್ಲಿ 2007ರಲ್ಲಿ ಶುರುವಾಗಿ ಆರು ಸೀಸನ್ ನಡೆದ ಸೀರೀಸ್. ಫೆಲಿಷಿಯಾ ಡೇ ಎಂಬ ನಟಿ ತಾನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಮುಳುಗಿಹೋಗಿದ್ದ ದಿನಗಳನ್ನೇ ನೆನೆದು ಬರೆದದ್ದು. ಒಂದೇ ತಂಡದಲ್ಲಿ ಆಡುವ ಆರು ಜನ, ಒಬ್ಬರನ್ನೊಬ್ಬರು ಮುಖತಃ ನೋಡಿದವರಲ್ಲ, ಮೊದಲ ಸಲ ಭೇಟಿಯಾಗುತ್ತಾರೆ. ಚೆನ್ನಾಗಿದೆ, ನಗುವೂ ಬರುತ್ತದೆ. ಕೈಯಿಂದ ದುಡ್ಡು ಹಾಕಿ, ಮನೆಗಳಲ್ಲೇ ಶೂಟ್ ಮಾಡಿ ಇಷ್ಟು ಮಾಡಿದ್ದಾರಲ್ಲ ಅಂತ ಗೌರವವೂ ಬರುತ್ತದೆ.

ನಕ್ಕು ಮುಗಿದ ಮೇಲೆ ಒಬ್ಬೊಬ್ಬರನ್ನೇ ಯೋಚಿಸಿ ನೋಡಿ. ಕ್ಲಾರಾ ಮೂರು ಮಕ್ಕಳ ತಾಯಿ. ಆಟಕ್ಕೆ ಕೂತರೆ ಮಕ್ಕಳು ಎಲ್ಲಿದ್ದಾರೆ ಅನ್ನುವುದೇ ಅವಳಿಗೆ ಗೊತ್ತಿರುವುದಿಲ್ಲ, ಅದೇ ಜೋಕು. ವೋರ್ಕ್ ತಂಡದ ಲೀಡರ್, ಸತ್ತ ತಾತನ ಹೆಸರಿಗೆ ಬರುವ ಸರ್ಕಾರದ ಚೆಕ್ಕಿನಲ್ಲಿ ಜೀವನ ಮಾಡುತ್ತಾನೆ. ಟಿಂಕ್ ಎಂಬವಳು ಹುಡುಗರಿಂದ ಸಾಮಾನು ಕೊಡಿಸಿಕೊಳ್ಳುವುದರಲ್ಲಿ ನಿಪುಣೆ. ಇನ್ನು ಝಾಬೂ. ಅವನ ತಾಯಿ ಭಾರತದವಳು. ಆಟದ ಚಾಟ್‌ನಲ್ಲಿ ಕೋಡೆಕ್ಸ್ ಹಾಕಿದ ನಗುಮುಖದ ಚಿಹ್ನೆಗಳನ್ನೇ ಪ್ರೀತಿ ಅಂದುಕೊಂಡು, ಅಡ್ರೆಸ್ ಪತ್ತೆ ಹಚ್ಚಿ, ಗಂಟುಮೂಟೆ ಸಮೇತ ಅವಳ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹೋಗು ಅಂದರೆ ಹೋಗುವುದಿಲ್ಲ. ನಾವು ‘ಪಾಪ, ಮುಗ್ಧ’ ಅನ್ನಬೇಕು ಅಂತ ಲೇಖಕಿಯ ಆಸೆ. ನನಗೆ ನನ್ನ ತಂಗಿ ಒಬ್ಬಳೇ ಇರುವ ಪಿಜಿ ನೆನಪಾಯಿತು. ಮೊದಲ ಸೀಸನ್ನಿನ ಕೊನೆಗೆ ಝಾಬೂನನ್ನು ವಾಪಸ್ ಕರೆದುಕೊಂಡು ಹೋಗಲು ಅವನ ಅಮ್ಮ ಬರುತ್ತಾಳೆ. ತಂಡದವರೆಲ್ಲ ಸೇರಿ ಅವಳನ್ನು ಆಟದ ಕೊನೆಯ ರಾಕ್ಷಸನನ್ನು ಎದುರಿಸುವ ಹಾಗೆ ಎದುರಿಸುತ್ತಾರೆ. ಅಮ್ಮನೇ ಬಾಸ್. ಅಮ್ಮನನ್ನು ಸೋಲಿಸಿದರೆ ಲೆವೆಲ್ ಮುಗಿಯಿತು.

ಅಲ್ಲಿಗೆ ಪುಟ್ಟ ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು, ಇಲ್ಲ ಅನ್ನಲ್ಲ. ಮಗನನ್ನು ಅತಿಯಾಗಿ ಹಿಡಿದಿಟ್ಟುಕೊಳ್ಳುವ ತಾಯಿ ಅವಳು, ಹಾಗೆಯೇ ಬರೆದಿದ್ದಾರೆ. ಆದರೂ ಈ ಥರದ ಕಥೆಗಳಲ್ಲೆಲ್ಲ ಒಂದೇ ಅಚ್ಚು ಕಾಣಿಸತೊಡಗಿತು. ಆಟಗಾರನಿಗೆ ಊಟ ಹಾಕುವವರು, ಬಾಡಿಗೆ ಕಟ್ಟುವವರು, ಬಾಗಿಲು ತಟ್ಟುವವರು ಒಂದೋ ಪೀಡೆಗಳು, ಇಲ್ಲವೋ ಜೋಕುಗಳು, ಅದೂ ಇಲ್ಲದಿದ್ದರೆ ಸ್ಫೋಟದಲ್ಲಿ ಸಾಯಬೇಕಾದವರು. ಅವರ ಕಡೆಯಿಂದ ಕಥೆ ಒಂದು ನಿಮಿಷವೂ ನೋಡುವುದಿಲ್ಲ.

ಗೇಮ್‌ಗಳ ಭಾಷೆಯಲ್ಲಿ ಇಂಥವರಿಗೆ ಒಂದು ಹೆಸರಿದೆ, ಎನ್‌ಪಿಸಿ. ಆಟಗಾರರಲ್ಲದ, ಸಾಫ್ಟ್‌ವೇರೇ ನಡೆಸುವ ಪಾತ್ರಗಳು. ಊರ ಬಾಗಿಲಲ್ಲಿ ನಿಂತ ಕಾವಲಿನವನು, ಕತ್ತಿ ಮಾರುವ ಅಂಗಡಿಯವನು. ಎಷ್ಟು ಸಲ ಹೋಗಿ ಮಾತಾಡಿಸಿದರೂ ಅದೇ ಒಂದು ಸಾಲು ಹೇಳುತ್ತಾರೆ. ಪ್ರೋಗ್ರಾಮರ್ ಬರೆದದ್ದೇ ಅಷ್ಟು.

ರಾತ್ರಿ ಒಂಬತ್ತೂಕಾಲಿಗೆ ಚಿಕ್ಕಮ್ಮನ ಫೋನ್ ಬರುತ್ತಿತ್ತು. ಅಲ್ಲಿ ಊಟ ಮುಗಿಸಿ, ಪಾತ್ರೆ ತೊಳೆದು, ಧಾರಾವಾಹಿಯ ಅಡ್ವರ್ಟೈಸ್‌ಮೆಂಟ್ ಬರುವ ಹೊತ್ತು. ಇಲ್ಲಿ ಮ್ಯಾಚು ಕಾವೇರಿದ ಹೊತ್ತು. ಆಡುತ್ತಿರುವ ಮೊಬೈಲಿಗೇ ಕರೆ ಬಂದರೆ ಆಟ ತೊದಲುತ್ತದೆ. ಹಾಗಾಗಿ ಪುಟ್ಟ ನನ್ನ ನಂಬರಿಗೆ ಮಾಡಲು ಹೇಳಿಬಿಟ್ಟಿದ್ದ. ಒಂದು ರಾತ್ರಿ ನಾನು ಫೋನ್ ಹಿಡಿದುಕೊಂಡು ರೂಮಿಗೆ ಹೋದರೆ, ಕಣ್ಣು ಸ್ಕ್ರೀನಿನಿಂದ ತೆಗೆಯದೆ ‘ಅಣ್ಣ, ನೀನೇ ಮಾತಾಡು. ಎನ್‌ಪಿಸಿ ಡೈಲಾಗು, ಊಟ ಆಯ್ತಾ ಅಂತಾರೆ, ಆಯ್ತು ಅನ್ನು’ ಅಂದ.

ತಮಾಷೆಗೇ ಅಂದದ್ದು. ಫೋನಿನಲ್ಲಿ ಚಿಕ್ಕಮ್ಮ ಕೇಳಿದ್ದೂ ಅದನ್ನೇ. ‘ಊಟ ಆಯ್ತೇನಪ್ಪ ಅವ್ನಿಗೆ?’

ಪುಟ್ಟನಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಚಿಕ್ಕಮ್ಮ ವಾರಕ್ಕೊಂದು ಸಲ ಮಧ್ಯಾಹ್ನ ನನ್ನ ಆಫೀಸಿನ ಹೊತ್ತಿಗೆ ಬೇರೆಯಾಗಿ ಫೋನ್ ಮಾಡುತ್ತಿದ್ದರು. ಆಗ ಪ್ರಶ್ನೆಗಳೇ ಬೇರೆ. ಕಂಪ್ನಿಯೋರು ಏನಂದ್ರು? ಬೇರೆ ಕಡೆ ಅರ್ಜಿ ಹಾಕಿದಾನಾ? ಸೊಸೈಟಿಯ ಸಾಲದ ಕಂತು ಕಟ್ಟಬೇಕು, ಈ ಸಲ ಕೊಬ್ಬರಿ ಮಾರಿ ಕಟ್ಟಿಬಿಡ್ತೀವಿ, ಅವ್ನಿಗೆ ಹೇಳಬೇಡ. ಸಣ್ಣಗಾಗಿದಾನಾ? ಒಬ್ಬೊಬ್ನೇ ಮಾತಾಡ್ಕೋತಾನಾ? ಎಲ್ಲ ಕೇಳಿ ಕೊನೆಗೆ ಅಂದರು: ‘ಅವನತ್ರ ನಾನು ಕೆಲಸದ ಸುದ್ದಿ ಎತ್ತಲ್ಲ ಕಣಪ್ಪ. ಮುಖ ಸಪ್ಪೆ ಮಾಡ್ಕೋತಾನೆ. ಊಟ ಆಯ್ತಾ ಅಂತ ಕೇಳಿ ಸುಮ್ನಾಗ್ತೀನಿ.’

ಆ ಒಂದು ಸಾಲಿನ ಹಿಂದೆ ಇಷ್ಟು ಸಾಲುಗಳನ್ನು ಅವರು ಬೇಕೆಂದೇ ಅಳಿಸಿಹಾಕುತ್ತಿದ್ದರು. ಮಗನಿಗೆ ಬೇಜಾರಾಗದ ಪ್ರಶ್ನೆ ಅದೊಂದೇ ಉಳಿದಿತ್ತು, ಅದನ್ನೇ ದಿನಾ ಕೇಳುತ್ತಿದ್ದರು. ವೇಡ್‌ನ ಚಿಕ್ಕಮ್ಮನನ್ನು ನಾನು ಆಮೇಲೆ ಇನ್ನೊಂದು ಸಲ ಓದಿದೆ. ಆ ಲ್ಯಾಪ್‌ಟಾಪ್ ಗಿರವಿ ಇಡಲು ಹೋದ ದಿನ ಬಾಡಿಗೆ ಎಷ್ಟು ಬಾಕಿ ಇತ್ತು, ಹದಿನೈದು ಜನರಲ್ಲಿ ಯಾರು ಎಷ್ಟು ಕೊಡುತ್ತಿದ್ದರು, ಸತ್ತುಹೋದ ಸೋದರಿಯ ಮಗನನ್ನು ಆ ಇಕ್ಕಟ್ಟಿನಲ್ಲಿ ಹೊರಗೆ ಹಾಕದೆ ಯಾಕೆ ಇಟ್ಟುಕೊಂಡಿದ್ದಳು, ಬರೀ ಕೂಪನ್ನಿಗಾ? ಹುಡುಗ ಬರೀ ಕೂಪನ್ನಿಗೆ ಅನ್ನುತ್ತಾನೆ. ಹುಡುಗ ಹೇಳಿದ್ದಷ್ಟೇ ನಮಗೆ ಗೊತ್ತು. ಎಲ್ಲವೂ ಒಬ್ಬನ ಮಷೀನಿನ ಲಾಗ್ ಮಾತ್ರ. ನಮ್ಮ ಕೆಲಸದಲ್ಲಿ ಬರೀ ಒಂದು ಕಡೆಯ ಲಾಗ್ ನೋಡಿ ತಪ್ಪು ಯಾರದು ಅಂತ ತೀರ್ಮಾನ ಮಾಡಿದರೆ ಮೀಟಿಂಗಿನಲ್ಲಿ ಮರ್ಯಾದೆ ಉಳಿಯುವುದಿಲ್ಲ.

ಪುಟ್ಟನ ಪರವಾಗಿ ಹೇಳಬೇಕಾದ್ದೂ ಇದೆ. ಆನ್‌ಲೈನ್ ಆಟಕ್ಕೆ ಪಾಜ್ ಬಟನ್ ಇಲ್ಲ. ಹಳೇ ಮಾರಿಯೋ ಆದರೆ ಆಟವನ್ನು ಇದ್ದಲ್ಲೇ ನಿಲ್ಲಿಸಿ, ಹಾಲು ತಂದು, ಮತ್ತೆ ಅಲ್ಲಿಂದಲೇ ಆಡಬಹುದು. ನೂರು ಜನ ಒಂದೇ ಸರ್ವರಿನಲ್ಲಿ ಕೂತಾಗ ಒಬ್ಬನ ಅಮ್ಮ ಕರೆದಳು ಅಂತ ಉಳಿದ ತೊಂಬತ್ತೊಂಬತ್ತು ಜನರ ಗಡಿಯಾರ ನಿಲ್ಲಿಸಲಾಗದು. ವಾರ್‌ಕ್ರಾಫ್ಟಿನ ಮೊದಲ ದಿನಗಳಲ್ಲಿ ಒಂದೊಂದು ದೊಡ್ಡ ದಾಳಿಗೆ ನಲವತ್ತು ಜನ ಬೇಕಿತ್ತು. ಗಾಯ ವಾಸಿ ಮಾಡುವವನು ಬಾಗಿಲು ತೆಗೆಯಲು ಎದ್ದು ಹೋದರೆ ಮೂವತ್ತೊಂಬತ್ತು ಜನ ಸತ್ತರು ಅಂತಲೇ ಲೆಕ್ಕ. ಆಟಗಾರ ಸೊಕ್ಕಿನಿಂದ ಏಳುವುದಿಲ್ಲ ಅಂತಲ್ಲ, ಎದ್ದರೆ ಅವನೂ ಯಾರಿಗೋ ಮೋಸ ಮಾಡಿದ ಹಾಗೆ. ಅದು ನಿಜವಾದ ನಿಯತ್ತು. ಆಟ ನಿಲ್ಲುವುದಿಲ್ಲವಾದ್ದರಿಂದ ಮನೆ ನಿಲ್ಲಬೇಕಾಗುತ್ತದೆ, ಅಷ್ಟೇ. ಸಾರು ಆರುತ್ತದೆ, ಫೋನು ಕಾಯುತ್ತದೆ.

ಇದನ್ನು ಹೇಳಿದಾಗ ಪುಟ್ಟ ಥಟ್ಟನೆ ಕೇಳಿದ, ‘ನಿನ್ನ ಆನ್‌ಕಾಲ್‌ಗೆ ಪಾಜ್ ಇದೆಯಾ?’ ಇಲ್ಲ. ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದರೆ ನಾನೂ ಏಳಬೇಕು, ಹಬ್ಬದ ಎಲೆಯ ಮುಂದಿನಿಂದಲೂ ಎದ್ದದ್ದಿದೆ. ಸಂಬಳ ಬರುತ್ತದೆ ಅನ್ನುವುದೊಂದೇ ವ್ಯತ್ಯಾಸವಾ ಅಂದರೆ, ಅದೊಂದೇ ಇರಬಹುದು. ಆದರೆ ನಾನು ನನ್ನ ಆನ್‌ಕಾಲ್ ಬಗ್ಗೆ ಕಾದಂಬರಿ ಬರೆದು, ಎಲೆ ಹಾಕಿಕೊಂಡು ಕಾದ ಅಮ್ಮನನ್ನು ಮೂರನೇ ಪುಟದಲ್ಲಿ ಸಾಯಿಸಿ, ನನ್ನನ್ನು ಇಷ್ಟಪಡಿ ಅಂತ ಕೇಳಿಲ್ಲ ಅಂದೆ. ಅವನು ನಕ್ಕ. ಈ ವಾದದಲ್ಲಿ ಗೆದ್ದವರು ಯಾರು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ಹಾಗಂತ ಆಟದಲ್ಲಿ ಮೈಮರೆತವನ ಕಥೆ ಬರೆದರೆ ಅವನ ಮೇಲೆ ಪ್ರೀತಿ ಹುಟ್ಟುವುದೇ ಇಲ್ಲವಾ? ಹುಟ್ಟುತ್ತದೆ. ನಮಗೆ ಗೊತ್ತಿರುವ ಅತಿ ದೊಡ್ಡ ಜೂಜುಗಾರನ ಕಥೆಯನ್ನೇ ನೋಡಿ. ಧರ್ಮರಾಯ ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ಆಮೇಲೆ ಹೆಂಡತಿಯನ್ನೂ ಪಣಕ್ಕಿಟ್ಟ. ಎಲ್ಲ ವಾಪಸ್ ಸಿಕ್ಕ ಮೇಲೂ ಇನ್ನೊಂದು ಆಟಕ್ಕೆ ಕರೆದರು ಅಂತ ಮತ್ತೆ ಹೋಗಿ ಕೂತ. ‘ಇನ್ನೊಂದೇ ಮ್ಯಾಚು’ ಅನ್ನುವ ಮಾತಿಗೆ ಇದಕ್ಕಿಂತ ಹಳೇ ಸಾಕ್ಷಿ ಬೇಕಾ? ಇಷ್ಟಾದರೂ ಕಾಡಿನಲ್ಲಿ ಅವನು ಕೊರಗುವಾಗ ನಮಗೆ ಅಯ್ಯೋ ಅನ್ನಿಸುತ್ತದೆ. ಯಾಕೆಂದರೆ ಆ ಕಥೆ ಪಣಕ್ಕಿಟ್ಟವಳ ಬಾಯಿ ಕಟ್ಟಲಿಲ್ಲ. ಕರೆಯಲು ಬಂದ ಆಳಿನ ಕೈಲೇ ದ್ರೌಪದಿ ಪ್ರಶ್ನೆ ಕಳಿಸುತ್ತಾಳೆ, ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಕೇಳಿಕೊಂಡು ಬಾ ಅಂತ. ಇಡೀ ಸಭೆಗೆ ಉತ್ತರ ತೋಚುವುದಿಲ್ಲ. ಭೀಷ್ಮ ತಡವರಿಸುತ್ತಾನೆ. ಭೀಮ ಸಹದೇವನಿಗೆ, ಬೆಂಕಿ ತಾ, ಅಣ್ಣನ ಈ ಕೈ ಸುಡುತ್ತೇನೆ ಅನ್ನುತ್ತಾನೆ. ಧರ್ಮರಾಯನಿಗೆ ಯಾವ ರಿಯಾಯಿತಿಯೂ ಇಲ್ಲ, ತಲೆ ತಗ್ಗಿಸಿ ಎಲ್ಲ ಕೇಳಬೇಕು. ಅಷ್ಟು ಕೇಳಿಸಿಕೊಂಡವನ ಮೇಲೆ ಆಮೇಲೆ ಕರುಣೆ ತೋರಿಸುವುದು ನಮಗೆ ಕಷ್ಟವಾಗುವುದಿಲ್ಲ.

ನಮ್ಮೂರಿನ ಅರಳಿಕಟ್ಟೆಯ ಮೇಲೆ ಇಸ್ಪೀಟು ಆಡುವವರಿಗೂ ಇದೇ ನ್ಯಾಯ ಇತ್ತು. ಅವರ ಬಗ್ಗೆ ಊರು ನಗುತ್ತಿತ್ತು, ಅವರ ಜೊತೆ ಬೀಡಿ ಹಂಚಿಕೊಳ್ಳುತ್ತಿತ್ತು, ಆದರೆ ಅವರ ಕಥೆ ಹೇಳುವಾಗ ‘ಅವನ ಹೆಂಡ್ತಿ ಕೂಲಿ ದುಡ್ಡು ತಂದು ಅಂಗಡಿ ಬಾಕಿ ತೀರಿಸಿದ್ಲು ನೋಡು’ ಅನ್ನುವುದು ತಪ್ಪದೆ ಸೇರುತ್ತಿತ್ತು. ಹೆಂಡತಿಯನ್ನು ಬಿಟ್ಟು ಗಂಡನ ಕಥೆ ಹೇಳಿದರೆ ಅದು ಅರ್ಧ ಕಥೆ ಅಂತ ಎಲ್ಲರಿಗೂ ಗೊತ್ತಿತ್ತು.

‘ಸೌತ್ ಪಾರ್ಕ್’ ಕಾರ್ಟೂನಿನ 2006ರ ಒಂದು ಎಪಿಸೋಡ್ ಇದೆ, ವಾರ್‌ಕ್ರಾಫ್ಟ್ ಆಡುವ ನಾಲ್ಕು ಹುಡುಗರದ್ದು. ಕಾಡುಹಂದಿ ಹೊಡೆದು ಹೊಡೆದು ಪಾಯಿಂಟ್ ಕೂಡಿಸುತ್ತಾ ವಾರಗಟ್ಟಲೆ ಕೂತು, ಊದಿಕೊಂಡು, ಮೊಡವೆ ಎದ್ದು, ಒಬ್ಬನ ಅಮ್ಮ ಅವನು ಕೂತಲ್ಲಿಗೇ ಕಕ್ಕಸಿನ ಪಾತ್ರೆ ಹಿಡಿಯಬೇಕಾಗುತ್ತದೆ. ಅಸಹ್ಯ. ಎಮ್ಮಿ ಪ್ರಶಸ್ತಿ ಬಂದ ಎಪಿಸೋಡ್ ಅದು. ಹುಡುಗರನ್ನು ಇಷ್ಟಪಡಿ ಅಂತ ಅದು ಎಲ್ಲೂ ಕೇಳುವುದಿಲ್ಲ, ಆದರೂ ವೇಡ್‌ಗಿಂತ ಆ ನಾಲ್ವರೇ ನನಗೆ ಹತ್ತಿರದವರು ಅನ್ನಿಸಿದರು. ಪಾತ್ರೆ ಹಿಡಿದ ಅಮ್ಮ ಫ್ರೇಮಿನೊಳಗೆ ಇದ್ದಾಳಲ್ಲ.

2024ರ ಕೊನೆಯಲ್ಲಿ ನೆಟ್‌ಫ್ಲಿಕ್ಸ್‌ಗೆ ‘ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್’ ಬಂತು. ಇದು ಕಟ್ಟುಕಥೆಯಲ್ಲ. ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಹುಡುಗನಿಗೆ ಡುಶೇನ್ ಎಂಬ ಕಾಯಿಲೆ, ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುವಂಥದ್ದು. 2014ರಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯಲ್ಲಿ ಕೂತು ವಾರ್‌ಕ್ರಾಫ್ಟ್ ಆಡಿದ್ದೇ ಆಡಿದ್ದು. ಮಗ ಗೆಳೆಯರಿಲ್ಲದೆ, ಪ್ರೀತಿ ಕಾಣದೆ, ಯಾರಿಗೂ ಬೇಕಾಗದೆ ಹೋದ ಅಂತ ಅಪ್ಪ ಅಮ್ಮ ಅಂದುಕೊಂಡಿದ್ದರು. ಅವನು ಬರೆಯುತ್ತಿದ್ದ ಪುಟದಲ್ಲಿ ಸಾವಿನ ಸುದ್ದಿ ಹಾಕಿದಾಗ ದೇಶದೇಶಗಳಿಂದ ಮೇಲ್‌ಗಳು ಬರತೊಡಗಿದವು. ಇಬೆಲಿನ್ ಅನ್ನುವ ಹೆಸರಿನಲ್ಲಿ ಅವನ ಜೊತೆ ಆಡಿದವರು. ಅವನ ಕಾಯಿಲೆಯ ವಿಷಯ ಅವರಲ್ಲಿ ಹೆಚ್ಚಿನವರಿಗೆ ಬಹಳ ಕಾಲ ಗೊತ್ತೇ ಇರಲಿಲ್ಲ. ಅಂತ್ಯಕ್ರಿಯೆಗೆ ಕೆಲವರು ಬೇರೆ ದೇಶಗಳಿಂದ ಬಂದರು.

ಆ ಚಿತ್ರ ಮೊದಲು ಅಪ್ಪ ಅಮ್ಮನ ಮಾತಿನಿಂದ ಶುರುವಾಗುತ್ತದೆ. ಮನೆಯ ಹಳೇ ವಿಡಿಯೋಗಳು, ಕಂಪ್ಯೂಟರ್ ಮುಂದೆ ಕೂತ ಮಗನ ಬೆನ್ನು, ರಾತ್ರಿ ಆಟ ನಿಲ್ಲಿಸು ಅಂತ ಹೇಳಿದ ದಿನಗಳು. ಅವರು ತಿಳಿಯದವರು ಅಂತ ಚಿತ್ರ ಹಂಗಿಸುವುದಿಲ್ಲ. ಅವರು ಹೇಳಿ ಮುಗಿಸಿದ ಮೇಲೆಯೇ ಆಟದೊಳಗಿನ ಬದುಕು ತೆರೆದುಕೊಳ್ಳುತ್ತದೆ. ಅಲ್ಲೂ ಮ್ಯಾಟ್ಸ್ ದೇವರಲ್ಲ. ಎಷ್ಟೋ ಜನಕ್ಕೆ ಆಸರೆಯಾದವನೇ ಕಾಯಿಲೆ ಹೆಚ್ಚಾದಾಗ ಗೆಳೆಯರ ಮೇಲೆ ಸಿಡುಕಿದ, ಚುಚ್ಚಿದ, ಅವರಿಂದ ಹೇಳಿಸಿಕೊಂಡ. ಚಿತ್ರ ಅದನ್ನು ಮುಚ್ಚಿಟ್ಟಿಲ್ಲ. ನಾನು ಅಳುವವನಲ್ಲ, ಆವತ್ತು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಪುಟ್ಟ ಎದ್ದು ಬಾಲ್ಕನಿಗೆ ಹೋಗಿ ಸುಮಾರು ಹೊತ್ತು ನಿಂತಿದ್ದ. ಏನನ್ನಿಸಿತೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಮಾತ್ರ, ‘ನಾನು ನಿಂಗೆ ಇದನ್ನ ಕೊಡಬೇಕಿತ್ತು, ಆ ಪುಸ್ತಕ ಅಲ್ಲ’ ಅಂದ.

ಕೆಲಸ ಇನ್ನೂ ಸಿಕ್ಕಿಲ್ಲ. ಆಫರ್ ಕೊಟ್ಟವರು ಕೊನೆಗೆ ಎರಡು ಸಾಲಿನ ಮೇಲ್ ಹಾಕಿ ಕೈ ತೊಳೆದುಕೊಂಡರು. ಈಗ ಒಂದು ಸಣ್ಣ ಕಡೆ ಇಂಟರ್ನ್ ಆಗಿ ಹೋಗುತ್ತಿದ್ದಾನೆ. ಕೊಡುವ ದುಡ್ಡು ಬಸ್ಸಿಗೂ ಇಡ್ಲಿಗೂ ಸರಿಹೋಗುತ್ತದೆ. ಆಟ ಬಿಟ್ಟಿಲ್ಲ, ಬಿಡು ಅಂತ ನಾನು ಹೇಳುವುದೂ ಇಲ್ಲ.

ಹೋದ ತಿಂಗಳು ಚಿಕ್ಕಮ್ಮ ಕಣ್ಣಿನ ಪೊರೆ ತೋರಿಸಲು ಬೆಂಗಳೂರಿಗೆ ಬಂದು ನಾಲ್ಕು ದಿನ ಇದ್ದರು. ರಾತ್ರಿ ಪುಟ್ಟ ಆಡಲು ಕೂತಾಗ ಅವನ ಹಿಂದೆ ಕುರ್ಚಿ ಎಳೆದುಕೊಂಡು ಕೂತು ನೋಡತೊಡಗಿದರು. ಮಸುಕು ಕಣ್ಣಿಗೆ ಎಷ್ಟು ಕಂಡಿತೋ. ಸುಮಾರು ಹೊತ್ತಿನ ಮೇಲೆ, ‘ನಿನ್ನ ಜೊತೆ ಓಡ್ತಾ ಇದಾನಲ್ಲ ಕೆಂಪು ಅಂಗಿಯವ್ನು, ಯಾರವನು?’ ಅಂದರು.

‘ಅವನು ಅಸ್ಸಾಮಿನವನಮ್ಮ. ಪುಣೆಯಲ್ಲಿ ಓದ್ತಿದಾನೆ.’

‘ನೋಡಿದೀಯಾ ಅವನನ್ನ?’

‘ಇಲ್ಲ, ಹೀಗೇ.’

‘ಅಷ್ಟು ದೂರದಿಂದ ಬಂದಿದಾನೆ. ಊಟ ಆಯ್ತಾ ಅಂತ ಕೇಳೋ.’

ಪುಟ್ಟ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಮೈಕ್ ಹತ್ತಿರ ತಂದುಕೊಂಡು ಹಿಂದಿಯಲ್ಲಿ, ನಮ್ಮಮ್ಮ ಕೇಳ್ತಿದಾರೆ, ಊಟ ಮಾಡಿದ್ಯಾ ಅಂದ. ಆ ಕಡೆ ಗುಂಡಿನ ಸದ್ದಿನ ನಡುವೆ ಸ್ವಲ್ಪ ಹೊತ್ತು ಮಾತಿಲ್ಲ. ಹಾಸ್ಟೆಲ್ ಮೆಸ್ ಇವತ್ತು ರಜೆ, ಬಿಸ್ಕೆಟ್ ತಿಂದೆ ಅಂತ ಬಂತು ಉತ್ತರ. ಪುಟ್ಟ ಅದನ್ನು ಕನ್ನಡಕ್ಕೆ ತಂದು ಹೇಳಿದ್ದೇ ತಡ, ಚಿಕ್ಕಮ್ಮ ಶುರುಮಾಡಿದರು. ಬಿಸ್ಕೆಟ್ ತಿಂದ್ರೆ ಹೊಟ್ಟೆ ತುಂಬುತ್ತಾ, ಹತ್ರ ಯಾವ್ದೂ ಹೋಟ್ಲು ಇಲ್ವಾ, ಅವರಮ್ಮಂಗೆ ಗೊತ್ತಾದ್ರೆ ಏನಂದ್ಕೋಬೇಡ, ಮೊದ್ಲು ಹೋಗಿ ಉಣ್ಣೋಕೆ ಹೇಳು. ಪುಟ್ಟ ಒಂದೊಂದನ್ನೇ ಹಿಂದಿಗೆ ಮಾಡಿ ದಾಟಿಸುತ್ತಾ ಕೂತ. ಅಷ್ಟರಲ್ಲಿ ಯಾರೋ ಗುಡ್ಡದ ಮೇಲಿಂದ ಇಬ್ಬರನ್ನೂ ಹೊಡೆದು ಉರುಳಿಸಿದರು. ಇಪ್ಪತ್ತೆರಡನೇ ಸ್ಥಾನ ಅಂತ ತೋರಿಸಿತು.